ಬಾಜೂ ಮನಿ ಹುಡುಗಿ

ಜಗತ್ತಿನ ತೊಂದರೆಗಳೆಲ್ಲ ಪಕ್ಕದ ಮನೆಯಲ್ಲೇ ಇರುತ್ತವೆ ಎಂಬುದು ಐವತ್ತು ವರ್ಷ ಬಾಳಿ ನಾನು ಕಂಡುಕೊಂಡ ಸತ್ಯ. ಕುಡುಕ ಗಂಡ, ಜಗಳಗಂಟಿ ಸೊಸೆ, ಮ್ಯಾಟ್ರಿಕ್ಕಿನಲ್ಲಿ ಮೂರು ಸಲ ಡುಮ್ಕಿ ಹೊಡೆದ ಮಗ, ಎಲ್ಲರೂ ಪಕ್ಕದ ಮನೆಯವರೇ. ನಮ್ಮ ನಮ್ಮ ಮನೆಗಳಲ್ಲಿ ಮಾತ್ರ ಎಲ್ಲವೂ ಸುಸೂತ್ರ. ಇಂಥ ನಂಬಿಕೆಯ ನಾನು ಏಳೆಂಟು ವರ್ಷಗಳ ಹಿಂದೆ ಒಂದು ಸಂಘ ಕಟ್ಟಲು ಹೊರಟಿದ್ದೆನೆಂದರೆ ನನಗೇ ನಗು ಬರುತ್ತದೆ.

ಆಗ ನಾನು ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಕಾರಕೂನ. ಮನೆಯಲ್ಲಿ ಹೆಂಡತಿ ಸುನಂದಾ, ಹನ್ನೆರಡರ ಮಗಳು ಸುಮತಿ. ಸುಮತಿಗೆ ಕಿವಿ ಚುರುಕು, ಕಣ್ಣು ಚುರುಕು. ಮಾತು ಮಾತ್ರ ಇಲ್ಲ. ಕರೆದರೆ ತಿರುಗುವುದಿಲ್ಲ. ಹಿತ್ತಲಲ್ಲಿ ಕೂತು ಹುಣಸೆ ಬೀಜಗಳನ್ನು ಸಾಲಾಗಿ ಜೋಡಿಸುತ್ತಾಳೆ, ಒಂದು ಬೀಜ ಸರಿದರೂ ಇಡೀ ಸಾಲು ಮೊದಲಿನಿಂದ. ಮಿರಜದ ಡಾಕ್ಟರರೊಬ್ಬರು ಇದಕ್ಕೆ ಆಟಿಸಂ ಎಂದು ಹೆಸರು ಹೇಳಿ, "ಗುಳಿಗಿ-ಔಷಧ ಇಲ್ರಿ ಇದಕ್ಕ. ಇಂಥ ಮಕ್ಕಳ ಮನಿಯವರು ನಾಕ ಮಂದಿ ಕೂಡಿ ಮಾತಾಡ್ರಿ, ಧೈರ್ಯ ಬರತೈತಿ" ಎಂದು ಕಳಿಸಿದರು. ನನಗೆ ಧೈರ್ಯ ಬೇಕಿರಲಿಲ್ಲ, ಒಂದು ಶಬ್ದ ಬೇಕಿತ್ತು. ಸಂಜೆ ಮನೆ ಮುಂದೆ ಸೈಕಲ್ ನಿಲ್ಲಿಸಿ ಬೇಕೆಂದೇ ಎರಡು ಸಲ ಗಂಟೆ ಬಾರಿಸುತ್ತಿದ್ದೆ. ಒಳಗಿನಿಂದ "ಅಪ್ಪಾ" ಎಂಬ ಕೂಗು ಈಗ ಬಂದೀತು, ಇನ್ನೊಂದು ಚಣಕ್ಕೆ ಬಂದೀತು ಎಂದು ಹೊಸ್ತಿಲಲ್ಲೇ ನಿಲ್ಲುತ್ತಿದ್ದೆ. ಆ ಆಸೆಯನ್ನು ತೂಗುವ ಕಾಟಾ ನಮ್ಮ ಕಾರ್ಖಾನೆಯಲ್ಲಿರಲಿಲ್ಲ.

ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲ. ದೀಪ ಹತ್ತಿದ ಮೇಲೆ ಯಾರೂ ಉಣ್ಣಬಾರದು ಎಂದು ಸುನಂದಾ ಸುಮತಿಗೆ ಹೇಳಿಕೊಟ್ಟಿದ್ದಳು. ಸುಮತಿ ಜೀವನದಲ್ಲಿ ಪೂರ್ತಿ ಒಪ್ಪಿಕೊಂಡ ಮಾತು ಅದೊಂದೇ. ಬೀದಿಯ ಕಂಬದ ದೀಪ ಹತ್ತಿತೋ, ಯಾರ ಮುಂದೆ ತಟ್ಟೆಯಿದ್ದರೂ ಎತ್ತಿಕೊಂಡು ಬಚ್ಚಲಿಗೆ ನಡೆಯುವಳು. ಒಮ್ಮೆ ನಮ್ಮ ಮ್ಯಾನೇಜರು ಊಟಕ್ಕೆ ಬಂದವರು ಅರ್ಧ ಹೋಳಿಗೆಗೇ ಕೈ ತೊಳೆಯಬೇಕಾಯಿತು. ಅವರು ಹೋಗಿ, "ಇಷ್ಟ ಸಣ್ಣ ವಯಸ್ಸಿನ್ಯಾಗ ಎಂಥಾ ನೇಮರಿ! ಮೌನವ್ರತ ಬ್ಯಾರೆ!" ಎಂದು ಊರ ತುಂಬ ಸಾರಿದರು. ಓಣಿಯ ಮುದುಕಿಯರು ಆಕೆಗೆ ಕೈ ಮುಗಿಯತೊಡಗಿದರು. ನಾನು ಅಲ್ಲಗಳೆದೆನೇ? ಇಲ್ಲ. "ಎಲ್ಲಾ ಹಿರ್‍ಯಾರ ಪುಣ್ಯಾರಿ" ಎಂದು ಮುಗುಳ್ನಕ್ಕೆ.

ಆದರೂ ಡಾಕ್ಟರರ ಮಾತು ಕೊರೆಯುತ್ತಿತ್ತು. ನಮ್ಮ ಮನೆಯಲ್ಲಿ ಫೋನಿರಲಿಲ್ಲ, ಕಾರ್ಖಾನೆಯಲ್ಲೂ ಮ್ಯಾನೇಜರರ ಮೇಜಿನ ಮೇಲೆ ಮಾತ್ರ ಇತ್ತು. "ತಮ್ಮ ಪಾಡಿಗೆ ತಾವಿರುವ, ಮಾತು ಬಾರದ ಮಕ್ಕಳ ಮನೆಯವರು ರವಿವಾರ ನಾಲ್ಕಕ್ಕೆ ಸಭೆಗೆ ಬರಬೇಕು" ಎಂದು ಕೈಯಾರೆ ಬರೆದು ಅಥಣಿ, ಹಾರೂಗೇರಿ ಬಸ್‌ಸ್ಟ್ಯಾಂಡುಗಳ ಕಿರಾಣಿ ಅಂಗಡಿಗಳಲ್ಲಿ ಅಂಟಿಸಿ ಬಂದೆ. ಕೆಳಗೆ ನನ್ನ ವಿಳಾಸ, ಅದರ ಮುಂದೆ "ಅಧ್ಯಕ್ಷರು" ಎಂದು ದಪ್ಪಕ್ಷರ. ಸದಸ್ಯರಿಲ್ಲದಿದ್ದರೂ ಅಧ್ಯಕ್ಷನಿರಬೇಕಲ್ಲ! ಸಭೆಯ ದಿನ ಸುಮತಿಯನ್ನು ಹಿತ್ತಲಲ್ಲಿ ಕೂರಿಸಿ ಕದ ಎಳೆದುಕೊಂಡೆ. "ಆಕಿ ಸಲುವಾಗಿ ಸಭಾ. ಆಕೀನ್ನ ಯಾಕ ಮುಚ್ಚಿಡ್ತೀರಿ?" ಎಂದಳು ಸುನಂದಾ. "ಮೊದಲ ಸಭಾ ಸುರಳೀತ ಆಗ್ಲಿ ತಡಿ" ಎಂದೆ.

ಬಂದವರು ಇಬ್ಬರು. ಹಾರೂಗೇರಿಯಲ್ಲಿ ಬಳೆ ಅಂಗಡಿ ಇಟ್ಟಿದ್ದ ಕಲ್ಲವ್ವ ಕೂರುವ ಮೊದಲೇ, "ನಮ್ಮ ಮನ್ಯಾಗ ಅಂಥಾದ್ದೇನೂ ಇಲ್ರಿ ಅಣ್ಣಾರ. ಬಾಜೂ ಮನ್ಯಾಗೊಂದು ಹುಡುಗಿ ಐತಿ, ಪಾಪ, ಅದರ ಸಲುವಾಗಿ ಬಂದೀನಿ" ಎಂದರು. ಅಥಣಿಯಲ್ಲಿ ದ್ರಾಕ್ಷಿ ಬೆಳೆಯುವ ಮಲಗೌಡರು ಟೊಪ್ಪಿಗೆ ತೆಗೆದು, "ನಂದೂ ಬಾಜೂ ತ್ವಾಟದವರ ಕೆಲಸಾನರಿ" ಎಂದರು. ನಾನೂ ಗಂಟಲು ಸರಿಮಾಡಿಕೊಂಡು, "ನಂದೂ ಬರೇ ಸಮಾಜಸೇವಾ" ಎಂದೆ. ಮೂವರೂ ಪರೋಪಕಾರಿಗಳೇ ಕೂಡಿದ್ದೆವು. ಆದರೆ ಆ ಬಾಜೂ ಮನೆಯ ಹುಡುಗಿ ಬಿಳಿ ಅನ್ನ ಬಿಟ್ಟು ಬೇರೇನನ್ನೂ ಮುಟ್ಟುವುದಿಲ್ಲ, ಮಿಕ್ಸರ್ ಸದ್ದಿಗೆ ಕಿವಿ ಮುಚ್ಚಿ ಮೂಲೆ ಸೇರುತ್ತಾಳೆ, ಬಲ ಮಗ್ಗುಲಿಗೆ ಮಲಗಿಸಿದರಷ್ಟೇ ನಿದ್ದೆ ಎಂಬುದೆಲ್ಲ ಕಲ್ಲವ್ವನಿಗೆ ಹೇಗೆ ಗೊತ್ತು? ಬಾಜೂ ತೋಟದವರ ಮೂವತ್ತರ ತಮ್ಮ ಒಂದೇ ತಾಮ್ರದ ತಂಬಿಗೆಯಿಂದ ನೀರು ಹಾಕಿದರೆ ಮಾತ್ರ ಸ್ನಾನ ಮಾಡುತ್ತಾನೆಂದು ಹೇಳುತ್ತ ಗೌಡರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು. ಪಕ್ಕದ ತೋಟದವನ ತಮ್ಮನಿಗಾಗಿ ಅಳುವ ಗೌಡರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನನ್ನ ಎದೆಯೊಳಗೂ ಹೇಳಬೇಕಾದ್ದು ಬೇಕಾದಷ್ಟಿತ್ತು. ಆದರೂ ಹಿತ್ತಲ ಕದ ಮುಚ್ಚಿದೆಯೇ ಎಂದು ಮತ್ತೊಮ್ಮೆ ನೋಡಿಕೊಂಡೆ.

ಮಾತಿನಲ್ಲಿ ಹೊತ್ತು ಹೋದದ್ದು ತಿಳಿಯಲಿಲ್ಲ. ಸುನಂದಾ ಅವಲಕ್ಕಿ ತಂದಿಟ್ಟಳು. ಗೌಡರು ಎರಡನೇ ತುತ್ತು ಎತ್ತುವಷ್ಟರಲ್ಲಿ ಕಂಬದ ದೀಪ ಹತ್ತಿತು. ಹಿತ್ತಲ ಕದ ಸರಿಯಿತು. ಸುಮತಿ ನೆಟ್ಟಗೆ ಬಂದು ಕಲ್ಲವ್ವನ ತಟ್ಟೆ ಎತ್ತಿದಳು, ಗೌಡರದನ್ನೂ ಎತ್ತಿದಳು. ಬಾಯಿ ತೆರೆದೇ ಇದ್ದ ಗೌಡರು ಕೇಳಿದರು: "ಯಾರ್ರೀ ಸಾಹೇಬ್ರ ಈಕಿ?"

"ಬಾಜೂ ಮನಿ ಹುಡುಗಿರಿ" ಎಂದೆ.

ಹೌದು, ಹಾಗೇ ಎಂದೆ. ಸಂಘದ ಅಧ್ಯಕ್ಷರೇ ಹಾಗೆಂದರು. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಸುನಂದಾಳ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಆಕೆ ಶಾಂತವಾಗಿ, "ಖರೇ ಐತ್ರಿ ಅಣ್ಣಾರ, ಬಾಜೂ ಮನಿ ಹುಡುಗೀನ. ಆ ಬಾಜೂ ಮನಿಯವರು ನಾವ ಅದೀವ್ರಿ" ಎಂದಳು.

ಮೊದಲು ನಕ್ಕವರು ಕಲ್ಲವ್ವ. ನಗುತ್ತಲೇ ಸೆರಗು ಬಾಯಿಗೊತ್ತಿ, "ನಂದೂ ಅಷ್ಟರಿ ಅಕ್ಕಾರ. ನನ್ನ ಮೊಮ್ಮಗಳರಿ ಅದು. ರತ್ನಾ ಅಂತ ಹೆಸರು" ಎಂದರು. ಗೌಡರು ನೆಲ ನೋಡುತ್ತ, "ನನ್ನ ಖಾಸಾ ತಮ್ಮರಿ" ಎಂದರು. ವ್ರತದ ಮಗಳನ್ನು ಊರ ತುಂಬ ಮೆರೆಸಿದ್ದ ನಾನು, ಮಾತು ಬಾರದ ಮಗಳನ್ನು ಒಬ್ಬರ ಮುಂದೂ ನನ್ನವಳೆಂದಿರಲಿಲ್ಲ. ಹನ್ನೆರಡು ವರ್ಷ ಅಪ್ಪಾ ಎನ್ನಲಿ ಎಂದು ಹೊಸ್ತಿಲಲ್ಲಿ ಕಾದವನು ನಾನೇ, ಕೇಳಿದಾಗ ಮಗಳು ಎನ್ನದವನೂ ನಾನೇ. ಆ ದಿನ ಬಹಳ ನಾಚಿಕೆಯಾಯಿತು.

ಸಂಘ ಈಗಲೂ ನಡೆದಿದೆ, ಹನ್ನೊಂದು ಮನೆಯವರಿದ್ದೇವೆ. ಹೊತ್ತು ಮುಳುಗುವ ಮೊದಲೇ ಫಳಾರ ಮುಗಿಸುತ್ತೇವೆ, ಉಪಾಯವಿಲ್ಲ. ಸುನಂದಾ ಮಾಡಿದ ನಿಯಮ ಒಂದೇ: ಬಂದವರು ಮೊದಲು ತಮ್ಮವರ ಹೆಸರು, ಅವರು ತಮಗೇನಾಗಬೇಕು ಎಂಬುದನ್ನು ಹೇಳಬೇಕು. ಅಧ್ಯಕ್ಷನಾದ್ದರಿಂದ ನನ್ನದೇ ಮೊದಲ ಪಾಳಿ. "ಸುಮತಿ. ನನ್ನ ಮಗಳು" ಎನ್ನುತ್ತೇನೆ. ಹಳೆಯ ಚಾಳಿ, ದನಿ ತಾನಾಗಿ ಇಳಿಯುತ್ತದೆ. ಕಲ್ಲವ್ವ ಹಿಂದಿನಿಂದ ಕೂಗುತ್ತಾರೆ: "ಅಧ್ಯಕ್ಷರ, ಕೇಳಸ್ಲಿಲ್ರಿ, ಇನ್ನೊಮ್ಮೆ ಹೇಳ್ರಿ!" ಮತ್ತೊಮ್ಮೆ ಜೋರಾಗಿ ಹೇಳಿ ಹಿತ್ತಲ ಕಡೆ ನೋಡುತ್ತೇನೆ. ಸುಮತಿ ಬೀಜ ಜೋಡಿಸುತ್ತಿರುತ್ತಾಳೆ, ತಿರುಗುವುದಿಲ್ಲ. ಯಾರಿಗೆ ಗೊತ್ತು, ಆಕೆಗೂ ಕೇಳಿಸಿರಲಿಕ್ಕಿಲ್ಲ ಎಂದು ಮೂರನೆಯ ಸಲವೂ ಹೇಳುತ್ತೇನೆ.