ಮೀನಿಗೆ ಕಣ್ಣು ಬರೆದ ಡ್ರಾಯಿಂಗ್ ಮೇಷ್ಟ್ರು

ನಾನು ಡ್ರಾಯಿಂಗ್ ಮೇಷ್ಟ್ರು. ಕೊರಟಗೆರೆ ಕಡೆಯ ಹೈಸ್ಕೂಲೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳ ಕೈಲಿ ಹೂಕುಂಡ, ಹಣ್ಣಿನ ಬುಟ್ಟಿ, ಬೆಟ್ಟದ ಹಿಂದಿನ ಸೂರ್ಯ ಬರೆಸುತ್ತಿದ್ದೇನೆ. ಚಿತ್ರಕ್ಕೆ ಜೀವ ಬರುವುದು ಕಣ್ಣಿನಿಂದ ಎಂದು ಸಾವಿರ ಸಲ ಹೇಳಿದ್ದೇನೆ. ಮಕ್ಕಳು ನಂಬಿದರೋ ಇಲ್ಲವೋ ಗೊತ್ತಿಲ್ಲ, ನಾನಂತೂ ನಂಬಿಬಿಟ್ಟಿದ್ದೆ. ಆದ ಅನಾಹುತಕ್ಕೆಲ್ಲ ಅದೇ ಕಾರಣ!

ಚನ್ನರಾಯನದುರ್ಗದ ಪಕ್ಕದಲ್ಲಿ ನಮ್ಮೂರು. ಪಿತೃಪಕ್ಷದಲ್ಲಿ ತೀರಿಹೋದ ಹಿರಿಯರಿಗೆ ಅವರು ಇಷ್ಟಪಡುತ್ತಿದ್ದದ್ದನ್ನೆಲ್ಲ ಮಾಡಿ ಎಡೆ ಇಡುವುದು ನಮ್ಮ ಮನೆಯ ಪದ್ಧತಿ. ಅಪ್ಪನ ಎಡೆಯಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ, ಮುದ್ದೆ, ಕೋಳಿಸಾರು ಎಲ್ಲ ಇದ್ದರೂ ಮೀನು ಇಲ್ಲದಿದ್ದರೆ ಅದು ಎಡೆಯೇ ಅಲ್ಲ. ಅದೂ ನಮ್ಮೂರ ಕೆರೆಯ ಗೆಂಡೆ ಮೀನೇ ಆಗಬೇಕು. ಏಕೆಂದರೆ ಅಪ್ಪ ಗಾಳ ಹಾಕುವುದರಲ್ಲಿ ಊರಿಗೇ ಹೆಸರಾದವರು. ಕೆರೆಗೆ ಹೋದವರು ಒಂದು ದಿನವೂ ಬರಿಗೈಲಿ ಬಂದದ್ದಿಲ್ಲ ಎಂದು ಈಗಲೂ ಜನ ಹೇಳುತ್ತಾರೆ. ಅವರು ಹೋದ ಮೇಲೆ ಎಡೆಗೆ ಅಂಗಡಿಯ ಐಸ್ ಮೀನು ಬರತೊಡಗಿತು.

ಈ ಸಲ ಪಕ್ಷ ಶುರುವಾದ ದಿನ ಅವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. "ನಿಮ್ಮಪ್ಪಂಗೆ ಐಸ್ ಮೀನು ಇಕ್ಕಿ ಇಕ್ಕಿ ನಂಗೇ ನಾಚ್ಕೆ ಆಯ್ತದೆ ಕಣ್ಲಾ" ಎಂದಳು. ನನಗೂ ಸಂಕಟವಾಯಿತು.

"ಅವ್ವಾ, ಅಮಾವಾಸ್ಯೆ ಎಡೆಗೆ ನಾನೇ ಗಾಳ ಹಾಕಿ ಮೀನು ತರ್ತೀನಿ. ಅಂಗಡಿ ಮೀನು ಈ ಹೊಸಿಲು ದಾಟಕೂಡದು!" ಎಂದು ಎದ್ದು ನಿಂತು ಘೋಷಿಸಿದೆ.

ಹೆಂಡತಿ ಗೀತಾ ಅಡುಗೆಮನೆಯಿಂದ ಇಣುಕಿದಳು. "ಯಾವತ್ತಾದ್ರೂ ಗಾಳ ಮುಟ್ಟಿದ್ದೀರೇನ್ರೀ?"

"ನಾನು ಯಾರ ಮಗ ಅಂದ್ಕೊಂಡಿದ್ದೀಯ?" ಎಂದೆ. ಅವಳು ಒಳಗೆ ಹೋದಳು.

ಎರೆಹುಳ ಹಿಡಿದು ಕೊಕ್ಕೆಗೆ ಚುಚ್ಚುವ ಕೆಲಸ ಕಲಾವಿದರಿಗೆ ಹೇಳಿದ್ದಲ್ಲ. ಮೊಬೈಲಿನಲ್ಲಿ ಹುಡುಕಿದೆ. ಟೋಪಿ ಹಾಕಿಕೊಂಡ ಯಾರೋ ಒಬ್ಬ ಪ್ಲಾಸ್ಟಿಕ್ ಮೀನನ್ನು ದಾರಕ್ಕೆ ಕಟ್ಟಿ ನೀರಿಗೆ ಎಸೆದು ಎಳೆಯುತ್ತಿದ್ದ. ಅದನ್ನು ನಿಜವಾದ ಮೀನೆಂದು ನುಂಗಲು ಬಂದ ದೊಡ್ಡ ಮೀನು ಕೊಕ್ಕೆಗೆ ಸಿಕ್ಕಿಕೊಳ್ಳುತ್ತಿತ್ತು. ಅಂಥ ಐದು ಸುಳ್ಳು ಮೀನುಗಳನ್ನೂ ಒಂದು ಗಾಳದ ಕೋಲನ್ನೂ ಆನ್‌ಲೈನಿನಲ್ಲಿ ತರಿಸಿದೆ.

ಮೊದಲ ಭಾನುವಾರ ಕೆರೆ ಏರಿಯ ಮೇಲೆ ನಿಂತು ಎಸೆದೆ. ಸುಳ್ಳು ಮೀನು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗಿ ನನ್ನ ಶರ್ಟಿನ ಬೆನ್ನಿಗೆ ಕಚ್ಚಿಕೊಂಡಿತು. ಅಂದಿನ ಬೇಟೆ ನಾನೇ! ಅಲ್ಲೇ ಎರೆಹುಳ ಕಟ್ಟಿ ಕೂತಿದ್ದ ನಮ್ಮ ಬೀದಿಯ ರಂಗಣ್ಣ ಬಂದು ಬಿಡಿಸಿದ. "ಮೇಷ್ಟ್ರೇ, ಒಂದು ಎರೆಹುಳ ಕೊಡ್ಲಾ?" ಎಂದು ಮರ್ಯಾದೆಯಿಂದಲೇ ಕೇಳಿದ. ನಾನು ಅಷ್ಟೇ ಮರ್ಯಾದೆಯಿಂದ ಬೇಡವೆಂದೆ. ಸಂಜೆವರೆಗೆ ಎಸೆದು ಎಳೆದು ಭುಜ ಬಿದ್ದುಹೋಯಿತೇ ಹೊರತು ಒಂದು ಮೀನೂ ತಿರುಗಿ ನೋಡಲಿಲ್ಲ.

ಮನೆಗೆ ಬಂದು ಸುಳ್ಳು ಮೀನನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದಾಗ ಕಾರಣ ಹೊಳೆಯಿತು. ಕಣ್ಣು! ಎಡಗಡೆ ಒಂದು ಕಪ್ಪು ಚುಕ್ಕೆ, ಬಲಗಡೆ ಅದೂ ಇಲ್ಲ. ಕಣ್ಣಿಲ್ಲದ ಮೀನನ್ನು ಯಾವ ಮೀನು ತಾನೇ ನಂಬೀತು? ಹೊಸ ನೋಟ್‌ಬುಕ್ಕು ತೆಗೆದು ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದೆ: "ಉದ್ದೇಶ: ಮೀನಿನ ನಂಬಿಕೆಗೆ ಪಾತ್ರವಾಗುವ ಕಣ್ಣನ್ನು ಕಂಡುಹಿಡಿಯುವುದು."

ಶಾಲೆಯಿಂದ ಬಂದವನು ದಿನಾ ಸಂಜೆ ಜಗಲಿಯ ಮೇಲೆ ಬಣ್ಣ ಹರಡಿಕೊಂಡು ಕೂರತೊಡಗಿದೆ. ಮೊದಲು ಬರೆದ ಕಣ್ಣು ಥೇಟ್ ನಮ್ಮ ಹೆಡ್‌ಮಾಸ್ಟರರ ಕಣ್ಣಾಯಿತು. ನೀರಿಗೆ ಬಿಟ್ಟಾಗ ದಡದಲ್ಲಿದ್ದ ಮೀನುಮರಿಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಓಡಿದವು. ತಪ್ಪು ಅವುಗಳದ್ದಲ್ಲ, ನಾನೂ ಹಾಗೇ ಓಡುತ್ತೇನೆ. ಎರಡನೆಯದಕ್ಕೆ ರೆಪ್ಪೆ ಎಳೆದು, ಕಾಡಿಗೆ ತೀಡಿ ಮೃದು ಮಾಡಿದೆ.

ಗೀತಾ ನೋಡಿ ಕೆನ್ನೆಗೆ ಕೈಯಿಟ್ಟಳು. "ಇದೇನ್ರೀ, ಧಾರೆಗೆ ಕೂತ ಮದುವೆಹೆಣ್ಣು ಇದ್ದಂಗಿದೆ!"

"ಲಕ್ಷಣವಾಗಿರಲಿ ಅಂತ."

"ನೀವು ಅದನ್ನ ಮೀನಿಗೆ ತಿನ್ನಿಸಬೇಕಾ, ಮದುವೆ ಮಾಡ್ಬೇಕಾ?"

ಮಾತಿನಲ್ಲಿ ನ್ಯಾಯವಿತ್ತು. ಆದರೆ ಒಪ್ಪಲಿಲ್ಲ. ಕಿವಿರಿನ ಹತ್ತಿರ ಕೆಂಪು ಬೇಕೆನಿಸಿ ಅವಳ ನೇಲ್‌ಪಾಲಿಶ್ ತೆಗೆದುಕೊಂಡೆ. ಶೀಶೆ ಖಾಲಿಯಾಯಿತು. ಮಾರನೆಯ ದಿನ ಕಣ್ಣಿಗೆ ಉಬ್ಬು ಬರಲೆಂದು ಅವಳ ಕಪ್ಪು ಸ್ಟಿಕ್ಕರ್ ಬಿಂದಿ ಅಂಟಿಸಿದೆ. ಕೆರೆಯಲ್ಲಿ ಬಿಂದಿ ಕಿತ್ತುಕೊಂಡು ತೇಲಿತು ನೋಡಿ, ಎಲ್ಲಿದ್ದವೋ ಏನೋ, ನಾಲ್ಕು ಮೀನುಮರಿ ಬಂದು ಬಿಂದಿಯನ್ನು ಕುಟುಕಿದವು! ನನಗೆ ಆನಂದ ತಡೆಯಲಾಗಲಿಲ್ಲ. "ತೀರ್ಮಾನ: ಮೀನಿಗೆ ಕಣ್ಣು ಇಷ್ಟ" ಎಂದು ಅಲ್ಲೇ ಬರೆದುಕೊಂಡೆ. ಮೀನಿನ ಮಿಕ್ಕ ಭಾಗ ಇಷ್ಟವಿಲ್ಲ ಎಂಬುದನ್ನು ಬರೆಯಲಿಲ್ಲ. ಬಿಂದಿಯ ಹಾಳೆ ಮುಗಿದದ್ದು ಗೊತ್ತಾದ ಮೇಲೆ ಗೀತಾ ಎರಡು ದಿನ ನನ್ನೊಡನೆ ಮಾತಾಡಲಿಲ್ಲ.

ಹೀಗೆ ಪಕ್ಷ ಕಳೆದು ಅಮಾವಾಸ್ಯೆ ಬಂದೇಬಿಟ್ಟಿತು. ಬೆಳಕು ಹರಿಯುತ್ತಲೇ ಹೊರಟವನಿಗೆ ಅವ್ವ ಬಾಗಿಲಲ್ಲಿ ಎದುರಾದಳು. "ಇವತ್ತಾದ್ರೂ ಸಿಗ್ತದೇನ್ಲಾ? ಸಿಗಾಕಿಲ್ಲ ಅಂದ್ರೆ ಈಗ್ಲೇ ಹೇಳ್ಬುಡು. ಎಡೆ ಬರಿದು ಮಾಡ್ಬ್ಯಾಡ" ಎಂದಳು.

"ಸಿಕ್ಕೇ ಸಿಗ್ತದೆ ಅವ್ವ" ಎಂದೆ. ಒಳಗೊಳಗೆ ಹೆದರಿಕೆಯಿತ್ತು.

ಅಷ್ಟರಲ್ಲಿ ಮೂರು ಸುಳ್ಳು ಮೀನುಗಳು ಕೆರೆಯ ಪಾಲಾಗಿದ್ದವು. ಉಳಿದ ಎರಡರಲ್ಲಿ ಒಂದನ್ನು ಕೊಕ್ಕೆ ಬಿಚ್ಚಿ, ಕಣ್ಣಿನ ಬಣ್ಣ ಒಣಗಲೆಂದು ಏರಿಯ ಕಲ್ಲಿನ ಮೇಲೆ ಇಟ್ಟಿದ್ದೆ. ಎಲ್ಲಿಂದಲೋ ಒಂದು ಕಾಗೆ ಬಂದು ಅದನ್ನು ಕಚ್ಚಿಕೊಂಡು ಹುಣಸೆಮರಕ್ಕೆ ಹಾರಿತು!

"ಅಮಾಸೆ ದಿನ ಕಾಗೆ ಮುಟ್ಟೈತೆ! ನಿಮ್ಮಪ್ಪಾರೇ ಬಂದವ್ರೆ ಮೇಷ್ಟ್ರೇ!" ಎಂದು ರಂಗಣ್ಣ ಕೈ ಮುಗಿದ. ನಾನೂ ಮುಗಿದೆ. ಕಾಗೆ ಎರಡು ಸಲ ಕುಟುಕಿ, ಕತ್ತು ಓರೆ ಮಾಡಿ ಆ ಕಣ್ಣನ್ನು ನೋಡಿ, ಥೂ ಎನ್ನುವಂತೆ ಅದನ್ನು ಕೆಳಕ್ಕೆ ಬಿಸಾಡಿ ಹೋಯಿತು.

ನಾನು ಕುಗ್ಗಲಿಲ್ಲ. ಕೊನೆಯ ಸುಳ್ಳು ಮೀನನ್ನು ಎಸೆದೆ. ಎಳೆಯುತ್ತಿದ್ದಂತೆ ದಾರ ಗಕ್ಕನೆ ಬಿಗಿಯಿತು! ಕೋಲು ಬಿಲ್ಲಿನಂತೆ ಬಾಗಿತು. ಒಂದು ಕೈಲಿ ಕೋಲು, ಇನ್ನೊಂದು ಕೈಲಿ ಫೋನು ಹಿಡಿದು ಹೆಂಡತಿಗೆ ಕೂಗಿದೆ: "ಗೀತಾ, ಮಸಾಲೆ ರುಬ್ಬು! ದೊಡ್ಡ ಮಡಕೆ ಇಡು!"

ಆಮೇಲೆ ನಾನು, ರಂಗಣ್ಣ, ದನ ಕಾಯುತ್ತಿದ್ದ ಇಬ್ಬರು, ಒಟ್ಟು ನಾಲ್ಕು ಜನ ಸೇರಿ ಎಳೆದೆವು. ನೀರು ಕದಡಿತು, ಕಪ್ಪಗೆ ಏನೋ ಮೇಲೆದ್ದಿತು. ಜಾಲಿಮರದ ಕೊಂಬೆ! ಮುಳ್ಳಿನ ಸಮೇತ! ಅದಕ್ಕೆ ಸಿಕ್ಕಿಕೊಂಡಿದ್ದ ನನ್ನ ಸುಳ್ಳು ಮೀನು ಕಾಡಿಗೆ ಕಣ್ಣಿನಿಂದ ನನ್ನನ್ನೇ ನೋಡುತ್ತಿತ್ತು.

ಅಷ್ಟು ಹೊತ್ತಿಗೆ ಅವ್ವ ಊರುಗೋಲು ಹಿಡಿದು ಏರಿ ಹತ್ತುತ್ತಿದ್ದಳು. ಹಿಂದೆ ಗೀತಾ, ಕೈಯಲ್ಲಿ ಮೀನಿಗೆಂದು ದೊಡ್ಡ ಪಾತ್ರೆ. ನನ್ನ ಫೋನು ಕೇಳಿ ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ "ನನ್ ಮಗ ಮೀನು ಹಿಡ್ದವ್ನೆ" ಎಂದು ಹೇಳುತ್ತಾ ಬಂದಿದ್ದಳಂತೆ ಅವ್ವ. ಅವಳು ಕೊಂಬೆಯನ್ನು ನೋಡಿದಳು. ನನ್ನನ್ನು ನೋಡಿದಳು. ನನಗೆ ಕೆರೆಗೆ ಹಾರಿಬಿಡೋಣ ಎನಿಸಿತು.

"ಇರ್ಲಿ ಅಂತ ಬೆಳಿಗ್ಗೇನೇ ಅಂಗಡಿಗೆ ಫೋನ್ ಮಾಡಿದ್ದೆ ಕಣ್ರೀ. ಅಮಾವಾಸ್ಯೆ ಅಲ್ವಾ, ಮೀನೆಲ್ಲ ಖಾಲಿಯಂತೆ" ಎಂದು ಗೀತಾ ಮೆಲ್ಲಗೆ ಹೇಳಿದಳು.

"ತಪ್ಪಾಯ್ತು ಅವ್ವ" ಎಂದೆ. ನಿಜಕ್ಕೂ ಕಣ್ಣಲ್ಲಿ ನೀರು ಬಂತು.

ಅವ್ವ ನನ್ನ ಸುಳ್ಳು ಮೀನನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. "ಚೆನ್ನಾಗಿ ಬರ್ದಿದ್ದೀಯ ಬುಡು" ಎಂದಳು. ಆಮೇಲೆ ರಂಗಣ್ಣನ ಡಬ್ಬಿಗೆ ಬೆರಳಿಟ್ಟು ಒಂದು ಎರೆಹುಳ ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. "ಇದ್ಕೆ ಕಣ್ಣೆಲ್ಲೈತೆ ತೋರ್ಸು ನೋಡಾನ, ಮೇಷ್ಟ್ರೇ!"

ನೋಡಿದೆ. ಆ ಕಡೆಯಿಂದಲೂ ನೋಡಿದೆ, ಈ ಕಡೆಯಿಂದಲೂ ನೋಡಿದೆ. ಇರಲಿಲ್ಲ!

ಅವ್ವ ರಂಗಣ್ಣನ ಬಿದಿರು ಕೋಲು ಇಸಿದುಕೊಂಡು, ಹುಳವನ್ನು ಕೊಕ್ಕೆಗೆ ಸಿಕ್ಕಿಸಿ, ಅದಕ್ಕೊಮ್ಮೆ ಥೂ ಎಂದು ಉಗಿದು, ಸೀರೆ ಎತ್ತಿ ಸಿಕ್ಕಿಸಿ ಕಲ್ಲಿನ ಮೇಲೆ ಕೂತಳು. ದಾರಕ್ಕೆ ಕಟ್ಟಿದ್ದ ಬೆಂಡು ನೀರಿನ ಮೇಲೆ ಒಂದು ಸಲ ಅಲ್ಲಾಡಿತು. ಎರಡನೆಯ ಸಲಕ್ಕೆ ಅವಳ ಮಣಿಕಟ್ಟು ತಿರುಗಿತು, ಅಂಗೈಯಗಲದ ಗೆಂಡೆ ಹುಲ್ಲಿನ ಮೇಲೆ ಬಿದ್ದು ಒದ್ದಾಡಿತು. ಕಾಲು ಗಂಟೆಯೊಳಗೆ ಮೂರು! ರಂಗಣ್ಣನ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ಅವ್ವ, ಅಪ್ಪ ಕಲಿಸಿದ್ರಾ ಇದನ್ನ?" ಎಂದು ಕೇಳಿದೆ.

ಅವ್ವ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು ನಕ್ಕಳು. "ನಿಮ್ಮಪ್ಪ ಕಲ್ಸೋದಾ? ಬೆಂಡು ಮುಳುಗಿದ್ರೂ ಗೊತ್ತಾಯ್ತಿರ್ನಿಲ್ಲ ಆ ಮನ್ಷಂಗೆ. ಬೀಡಿ ಸೇದ್ಕಂಡು ಮೋಡ ನೋಡ್ತಾ ಕೂತಿರೋರು. ನಾನು ಬಟ್ಟೆ ಒಗೆಯಾಕೆ ಅಂತ ಬಂದು ಮೀನು ಹಿಡ್ಕಂಡು ಹೋಯ್ತಿದ್ದೆ."

"ಮತ್ತೆ ಊರೆಲ್ಲ ಅಪ್ಪ..."

"ಗಂಡಸು ಬರಿಗೈಲಿ ಊರೊಳಕ್ಕೆ ಬಂದ್ರೆ ಚೆಂದಾನೇನ್ಲಾ? ಮೀನಿನ ಚೀಲ ಅವರ ಕೈಗೆ ಕೊಟ್ಬುಟ್ಟು, ಬಟ್ಟೆಗಂಟು ಹೊತ್ಕಂಡು ನಾನು ಹಿಂದೆ ಬರ್ತಿದ್ದೆ. ಕೇಳ್ದೋರ್ಗೆಲ್ಲ ಅವರೇ ಹಿಡ್ದಿದ್ದು ಅಂತಿದ್ದೆ. ಅವರು ಏನೂ ಅಂತಿರ್ನಿಲ್ಲ, ಮೀಸೆ ತಿರುವ್ಕಂಡು ನಿಂತ್ಕಳೋರು."

ಗೀತಾ ನನ್ನ ಕಡೆ ನೋಡಿದಳು. ಗೆಂಡೆಗಳನ್ನು ಪಾತ್ರೆಗೆ ಹಾಕಿಕೊಂಡಳು.

ಮಧ್ಯಾಹ್ನ ಅಪ್ಪನ ಫೋಟೋ ಮುಂದೆ ಎಡೆ ಬಡಿಸಿದೆವು. ಬೀಗರು, ಅಕ್ಕಪಕ್ಕದವರು ತುಂಬಿದ್ದರು. ಅವ್ವ ಹುರಿದ ಗೆಂಡೆಯನ್ನು ಎಲೆಯ ನಡುವೆ ಇಟ್ಟು, ಧೂಪ ಹಾಕಿ, ಕೈ ಮುಗಿದು, ಎಲ್ಲರಿಗೂ ಕೇಳುವಂತೆ ಅಪ್ಪನಿಗೆ ಹೇಳಿದಳು: "ನಮ್ ಕೆರೆ ಮೀನೇ. ಉಣ್ಣಿ. ನಿಮ್ ಮಗ ಹಿಡ್ಕಂಡು ಬಂದವ್ನೆ."

ಎಲ್ಲರೂ ಮೆಚ್ಚುಗೆಯಿಂದ ನನ್ನತ್ತ ತಿರುಗಿದರು. ನಾನು ಏನೂ ಅನ್ನಲಿಲ್ಲ. ಮೀಸೆ ತಿರುವಿಕೊಂಡು ನಿಂತೆ.