ಕಿಟಕಿ ಮುಚ್ಚಿದ ವಾಸ್ತುಶಿಲ್ಪಿ

ಸುತ್ತಮುತ್ತಲ ಪರಿಸರ ನೋಡಿ, ಬಳಸುವವರ ಮನಸ್ಸು ಅರಿತು ಕಟ್ಟಡ ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ! ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆ ಯಾರೂ ಹೇಳುತ್ತಿಲ್ಲವಲ್ಲ. ಅಂಧ ಮಕ್ಕಳ ಶಾಲೆಯಲ್ಲಿ ಕಾಲಿಗೇ ದಾರಿ ತಿಳಿಯುವ ಹಾಗೆ ನೆಲ ಹಾಸಿಸಿದವನು ನಾನು. ಬೆಳಕು ಯಾವ ಕಡೆಯಿಂದ ಬಂದರೆ ಸೂಜಿಯ ಕಣ್ಣು ಕಾಣುತ್ತದೆ ಎಂದು ಹೊಲಿಗೆ ಕಾರ್ಖಾನೆಯ ಹೆಂಗಸರನ್ನು ವಾರಗಟ್ಟಲೆ ಕೇಳಿದವನು. ಅಂಥ ಮಹಾಶಯನಾದ ನಾನು ಒಂದು ದಿನ ಹೊಸದು ಮಾಡಿಸುತ್ತೇನೆಂದು ಸ್ವಂತ ಅಡುಗೆಮನೆಯ ಮೇಲೆ ದಂಡೆತ್ತಿ ಹೋದೆ.

ಪದ್ಧತಿ ಪ್ರಕಾರ ಹೆಂಡತಿಯನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ: "ಬಳಸುವವಳು ನೀನು. ನಿನ್ನ ಬೇಡಿಕೆ ಏನು?"

"ಏನೂ ಇಲ್ಲ ಕಣ್ರೀ. ಆ ಹಿಂದಿನ ಕಿಟಕಿ ಒಂದು ಹಾಗೇ ಇರಲಿ."

"ಅದು ಬೇಡಿಕೆ ಅಲ್ಲ ಕಣೇ, ಅಭ್ಯಾಸ!"

ಆ ಕಿಟಕಿಯೋ, ತಟ್ಟೆಯಗಲದ ತೂತು. ಕೈ ಚಾಚಿದರೆ ಪಕ್ಕದ ಮನೆಯ ಟೀಚರಕ್ಕನ ಅಡುಗೆಮನೆ ಕಿಟಕಿ. ನನ್ನವಳು ಮದುವೆಯಾಗಿ ಬಂದಾಗಿನಿಂದ ಇಬ್ಬರೂ ಅಲ್ಲೇ ನಿಂತು ಪಾತ್ರೆ ತೊಳೆಯುತ್ತಾ, ಸಕ್ಕರೆ ಬಟ್ಟಲು ದಾಟಿಸುತ್ತಾ, ಸುಖದುಃಖ ಮಾತಾಡುತ್ತಾ ಬಂದಿದ್ದರು. "ಗಾಳಿಯಿಲ್ಲ, ನೋಟವಿಲ್ಲ" ಎಂದು ತೀರ್ಪು ಕೊಟ್ಟೆ. ಮೇಸ್ತ್ರಿ ಇಟ್ಟಿಗೆಯಿಟ್ಟು ಮುಚ್ಚಿದರು. ರಸ್ತೆ ಕಡೆಯ ಗೋಡೆ ಒಡೆಸಿ ಆಳೆತ್ತರದ ಗಾಜು ಕೂರಿಸಿದೆ. ಎದುರಿಗೆ ಮರ! ಮೇಲೆ ಆಕಾಶ!

ನಡುವೆ ಬಸ್ ಸ್ಟಾಪು.

ಹಗಲು ಹೊತ್ತು ನನ್ನ ಗಾಜು ಹೊರಗಿನವರಿಗೆ ಕನ್ನಡಿಯಾಯಿತು. ಬಸ್ಸಿಗೆ ಕಾಯುವವರೆಲ್ಲ ಬಂದು ತಲೆ ಬಾಚಿಕೊಂಡರು. ಒಬ್ಬ ಮಹಾನುಭಾವ ಬಾಯಿ ಅಗಲಿಸಿ ಹಲ್ಲುಸಂದಿಯನ್ನೇ ತಪಾಸಣೆ ಮಾಡಿದ.

"ರೀ, ನಿಮ್ಮ ನೋಟ ಬಂದಿದೆ ನೋಡಿ, ಹಲ್ಲು ತೋರಿಸ್ತಿದೆ!" ಒಲೆ ಮುಂದಿನಿಂದ ಕೂಗು ಬಂತು. ದಪ್ಪ ಪರದೆ ಇಳಿಸಿದೆ. ಆಕಾಶವೂ ಹೋಯಿತು.

ದಿನ ಕಳೆದಂತೆ ಅವಳ ಮಾತೂ ಕಡಿಮೆಯಾಯಿತು.

"ಏನಾಯ್ತೇ?"

"ಟೀಚರಕ್ಕ ರಸ್ತೇಲಿ ಸಿಕ್ಕಿದ್ರು. ನೋಡಿಯೂ ನೋಡದ ಹಾಗೆ ಹೋದ್ರು. ಅವರ ಮುಖಕ್ಕೆ ಗೋಡೆ ಕಟ್ಟಿಸಿದೋಳು ನಾನೇ ಅಂದ್ಕೊಂಡಿದ್ದಾರೆ." ಅಷ್ಟು ಹೇಳಿ ನಲ್ಲಿಯನ್ನು ಜೋರಾಗಿ ತಿರುಗಿಸಿದಳು. ಅಳು ಕೇಳಿಸಬಾರದಲ್ಲ.

ಕೂಡಲೇ ಮೇಸ್ತ್ರಿಯನ್ನು ಕರೆಸಿ "ಒಡೀರಿ ಗೋಡೆ!" ಎಂದೆ.

"ಸಾರ್, ಅದರೊಳಗೇ ನೀವು ನೀರಿನ ಪೈಪು..."

ಕೇಳುವ ವ್ಯವಧಾನ ಯಾರಿಗಿತ್ತು! ಸುತ್ತಿಗೆ ಕಿತ್ತುಕೊಂಡು ನಾನೇ ಬೀಸಿದೆ. ಗಂಗಾವತರಣ! ಹೊಸ ಕಪಾಟುಗಳು ಮಿಂದವು, ಮೇಸ್ತ್ರಿ ಮಿಂದರು, ನಾನಂತೂ ಮುಳುಗಿದೆ. ನೀರು ನಿಲ್ಲಿಸಿ, ಒಡೆದ ಜಾಗದಿಂದ ಆಚೆ ಇಣುಕಿದೆ. ಎದುರಿಗೆ ಕಿಟಕಿ ಇರಲಿಲ್ಲ. ಹೊಸ ಇಟ್ಟಿಗೆ ಇತ್ತು.

"ಅವರೂ ಮುಚ್ಚಿಸಿಬಿಟ್ರು ಸಾರ್," ಮೇಸ್ತ್ರಿ ಮುಖ ಒರೆಸಿಕೊಂಡರು. "ನಾನೇ ಕಟ್ಟಿದ್ದು."

ಒದ್ದೆ ಪ್ಯಾಂಟಿನಲ್ಲೇ ಹೋಗಿ ಟೀಚರಕ್ಕನ ಬಾಗಿಲು ತಟ್ಟಿದೆ. "ತಪ್ಪು ನಂದು ಅಕ್ಕಾ. ಅವಳು ಬೇಡ ಅಂತಲೇ ಹೇಳಿದ್ಲು."

ಅವರು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಸುತ್ತಮುತ್ತ ನೋಡಿ ಮನೆ ಕಟ್ಟೋರಂತಲ್ಲ ನೀವು? ನಾನು ಎಲ್ಲಿದ್ದೆ ಹಾಗಾದ್ರೆ?"

ತಲೆ ತಗ್ಗಿಸಿಕೊಂಡು ವಾಪಸು ಬಂದೆ.

ಈಗ ಸಂಜೆ ಟೀಚರಕ್ಕ ಶಾಲೆಯಿಂದ ಬಂದು ಬಸ್ಸಿಳಿಯುವ ಹೊತ್ತಿಗೆ ನನ್ನವಳು ಸ್ಟಾಪಿನ ಬೆಂಚಿನ ಮೇಲಿರುತ್ತಾಳೆ. ಹೊತ್ತುಹೊತ್ತಿಗೂ ಸಿಗುತ್ತಿದ್ದ ಮಾತು ಈಗ ಬಸ್ಸಿನಿಂದ ಗೇಟಿನವರೆಗೆ ಮಾತ್ರ. ಪಾತ್ರೆ ತೊಳೆಯುವ ಸರದಿ ನನ್ನದು. ಪರದೆ ಸರಿಸಿ ನೋಡುತ್ತೇನೆ: ತುಟಿ ಆಡುವುದು ಕಾಣುತ್ತದೆ, ಮಾತು ಕೇಳುವುದಿಲ್ಲ. ಆ ತೂತನ್ನು ಅದರ ಪಾಡಿಗೆ ಬಿಟ್ಟಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ನಿನ್ನೆ ಅವಳು ಬಹಳ ದಿನದ ಮೇಲೆ ನಗುತ್ತಾ ಒಳಗೆ ಬಂದಳು. "ಟೀಚರಕ್ಕನೂ ಅಡುಗೆಮನೆ ಹೊಸದು ಮಾಡಿಸ್ತಾರಂತೆ. ಬಳಸೋರ ಮಾತು ಕೇಳಿ ಕಟ್ಟೋ ಆರ್ಕಿಟೆಕ್ಟ್ ಯಾರಾದ್ರೂ ಗೊತ್ತಾ ಅಂತ ಕೇಳಿದ್ರು."

ಸೋಪಿನ ಕೈಯಲ್ಲೇ ಎದೆಯುಬ್ಬಿಸಿ ನಿಂತೆ. "ನೀನೇನಂದೆ?"

"ನನಗ್ಯಾರೂ ಗೊತ್ತಿಲ್ಲ ಅಂದೆ."