ಹಿರಿಯ ಗುಮಾಸ್ತನಿಗೆ ಏರಿದ ಝಳ

ಇಂದ:
ಹಿರಿಯ ಗುಮಾಸ್ತ, ದಾಖಲೆ ವಿಭಾಗ

ಗೆ:
ವ್ಯವಸ್ಥಾಪಕರು, ಇದೇ ಕಚೇರಿ, ಎದುರಿನ ಕೋಣೆ

ವಿಷಯ: ಟೈಪಿಸ್ಟ್ ಮೇಡಂ ಅವರ ಫ್ಯಾನಿನ ಕೆಳಗೆ ನಾನು ಈಗಾಗಲೇ ಕುಳಿತಿರುವುದಕ್ಕೆ ಮಂಜೂರಾತಿ ಕೋರಿ.

ಉಲ್ಲೇಖ: ಫ್ಯಾನಿನ ವೇಗವನ್ನು ಎರಡಕ್ಕಿಂತ ಮೇಲೆ ಏರಿಸಕೂಡದೆಂದು ಎರಡು ವರ್ಷದ ಹಿಂದೆ ನಾನೇ ಬರೆದು, ತಮ್ಮಿಂದ ಸಹಿ ಹಾಕಿಸಿದ ಸುತ್ತೋಲೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಿವೇದಿಸಿಕೊಳ್ಳುವುದೇನೆಂದರೆ,

1. ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇರುವುದು ಪತ್ತೆಯಾಗಿದೆ. "ಗಂಡಸಿನ ಹಾರ್ಮೋನೇ ಈ ಗಡ್ಡೆಗೆ ಊಟ. ಊಟ ನಿಲ್ಲಿಸೋಣ," ಎಂದರು ಡಾಕ್ಟರು. ಆದ್ದರಿಂದ ಮೂರು ತಿಂಗಳಿಗೊಂದು ಇಂಜೆಕ್ಷನ್.

2. ಸದರಿ ಔಷಧದ ಕಾರ್ಯವಿಧಾನ: ಮಿದುಳಿನ ಬುಡದ ಗ್ರಂಥಿಯೊಂದು ವೃಷಣಗಳಿಗೆ ಆಗಾಗ ಆದೇಶ ಕಳಿಸುತ್ತಿರುತ್ತದೆ, ಆದೇಶ ಬಂದರಷ್ಟೇ ಅಲ್ಲಿ ಹಾರ್ಮೋನ್ ತಯಾರಿ. ಇಂಜೆಕ್ಷನ್ ಆ ಗ್ರಂಥಿಯನ್ನು ಬಿಡುವಿಲ್ಲದೆ ತಿವಿಯುತ್ತದೆ. ಮೊದಲೆರಡು ವಾರ ಅದು ಹುರುಪಿನಿಂದ ಇನ್ನಷ್ಟು ಆದೇಶ ಹೊರಡಿಸುತ್ತದೆ (ಆ ಅವಧಿಯಲ್ಲಿ ಗಡ್ಡೆಗೆ ಊಟ ಸಿಗದಂತೆ ಬೇರೆ ಮಾತ್ರೆ ಕೊಟ್ಟಿದ್ದರು). ಆಮೇಲೆ ಬೇಸತ್ತು ಕಿವುಡಾಗುತ್ತದೆ. ಆದೇಶವಿಲ್ಲದ ಕಾರಣ ಉತ್ಪಾದನೆಯೂ ಇಲ್ಲ. ತಾವು ದಿನಕ್ಕೆ ಹನ್ನೆರಡು ಜ್ಞಾಪನ ಕಳಿಸಿದಾಗ ನಮ್ಮ ವಿಭಾಗಕ್ಕೆ ಆಗುವುದೂ ಇದೇ.

3. ಗಡ್ಡೆ ಸೊರಗುತ್ತಿದೆ. ಆದರೆ ಮೈಯ ಬಿಸಿಯನ್ನು ಹದದಲ್ಲಿಡುವ ಮಿದುಳಿನ ಭಾಗ ಹಾರ್ಮೋನಿಲ್ಲದೆ ತಬ್ಬಿಬ್ಬಾಗಿದೆ. ಕಳೆದ ಸೋಮವಾರ ಕಡತ ಓದುತ್ತಿದ್ದಂತೆ ಎದೆಯಿಂದ ಝಳ ಏರಿ, ಬೆವರು ತೊಟ್ಟಿಕ್ಕಿ, ಹಾಳೆಯ ಶಾಯಿ ಹರಡಿತು. ಇತರ ನಷ್ಟಗಳನ್ನು ಬರೆಯಲು ಕಚೇರಿ ಅರ್ಜಿಯಲ್ಲಿ ಕಾಲಂ ಇಲ್ಲ. ಮನೆಯಲ್ಲಿ ಹೇಳಿಕೊಂಡರೆ ಹೆಂಡತಿ, "ಮುಟ್ಟು ನಿಲ್ಲೋ ಹೊತ್ತಲ್ಲಿ ನಂಗೂ ಹಿಂಗೇ ಆಗ್ತಿತ್ತು ಕಣ್ರೀ. ನಾಟಕ ಅಂದಿದ್ರಿ," ಎಂದು ಒದ್ದೆ ಟವೆಲ್ ಕೊಟ್ಟಳು.

4. ಟೈಪಿಸ್ಟ್ ಮೇಡಂ ಫ್ಯಾನ್ ಜೋರು ಮಾಡುತ್ತಿದ್ದದ್ದೂ ಇದೇ ಝಳಕ್ಕೆಂದು ಈಗ ಅರ್ಥವಾಗಿದೆ. ಸುತ್ತೋಲೆ ಬರೆಯುವಾಗ ನಾನು ಕಾರಣ ಕೇಳಿರಲಿಲ್ಲ.

5. ಅದೇ ಸೋಮವಾರ ಮೇಡಂ ಎದ್ದು ಬಂದರು.

"ಏಳಿ ಸರ್. ಕುರ್ಚಿ ಈ ಕಡೆ ತನ್ನಿ. ಮೊದ್ಲು ಕಾಲರ್ ಗುಂಡಿ ಬಿಚ್ಚಿ."

"ಸುತ್ತೋಲೆ ಇದೆಯಲ್ಲಾ ಮೇಡಂ?"

"ಗೊತ್ತು. ನಾನೇ ತಾನೆ ಟೈಪ್ ಮಾಡಿದ್ದು," ಎಂದು ಫ್ಯಾನನ್ನು ಐದಕ್ಕೆ ತಿರುಗಿಸಿದರು.

ನನಗೆ ಅಳು ಬಂತು. ಅದೂ ಔಷಧದ ಪರಿಣಾಮವೇ ಇರಬಹುದೆಂದು ಡಾಕ್ಟರು ಹೇಳಿರುವುದರಿಂದ ಶಿಸ್ತುಕ್ರಮ ಬೇಡ.

ಆದ್ದರಿಂದ ಸದರಿ ಸುತ್ತೋಲೆಯನ್ನು ರದ್ದುಪಡಿಸಿ, ಫ್ಯಾನಿನ ಸ್ವಿಚ್ಚನ್ನು ಮೇಡಂ ಅವರ ಸುಪರ್ದಿಗೆ ವಹಿಸಬೇಕು. ನಾನು ಅವರನ್ನು ಕೇಳಿ ಗಾಳಿ ಪಡೆಯುತ್ತೇನೆ.

ಬೆವರುತ್ತಲೇ ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು: ಡಾಕ್ಟರ ಚೀಟಿ, ಸುತ್ತೋಲೆಯ ಪ್ರತಿ, ಶಾಯಿ ಹರಡಿದ ಹಾಳೆ.

ವಿ.ಸೂ.: ಇದನ್ನು ಓದಿ ತಾವು ನಗುವುದಾದರೆ ದಯವಿಟ್ಟು ಬಾಗಿಲು ಮುಚ್ಚಿಕೊಂಡು ನಗಬೇಕು. ಮೇಡಂ ಬಗ್ಗೆ ನಾವಿಬ್ಬರೂ ನಕ್ಕ ದಿನ ಅದು ತೆರೆದೇ ಇತ್ತಂತೆ.